ಬಣ್ಣದ ಕೆಳಗಿನ ಸಂಖ್ಯೆ

ಸೋಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಯಾರದಾದರೂ ಕೊಟ್ಟಿಗೆಯಲ್ಲಿ ಹಳೆಯ ಜೀಪು ನಿಂತಿದ್ದರೆ ಅದರ ಜೊತೆ ಒಂದು ಕಥೆಯೂ ಇರುತ್ತದೆ: “ಕಾಕಾ, ಇದು ರಜಾಕಾರರ ಗದ್ದಲದಾಗ ಮಿಲಿಟ್ರಿ ಜೋಡಿ ಬಂದ ಗಾಡಿರಿ.”

ಕಥೆ ನಿಜವೂ ಇರಬಹುದು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ಕಾಲದಲ್ಲಿ, 1948ರ ಸೆಪ್ಟೆಂಬರ್ 13ರಂದು, ಭಾರತೀಯ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆಗಳು ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿದ್ದು ಸೋಲಾಪುರದ ಹಾದಿಯಿಂದಲೇ. ಮೊದಲ ಕಾಳಗ ನಡೆದದ್ದು ನಳದುರ್ಗದಲ್ಲಿ. ಬೋರಿ ನದಿಯ ಸೇತುವೆಯನ್ನು ಎದುರಾಳಿ ಒಡೆಯುವ ಮೊದಲೇ ಸೇನೆ ವಶಮಾಡಿಕೊಂಡಿತು, ಅದೇ ದಿನ ಉಮರಗಾ ತಲುಪಿತು. ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಿಕರಿಯಾದ ‘ಡಿಸ್ಪೋಸಲ್’ ಜೀಪುಗಳೂ ಇದ್ದವು. ಸ್ವಾತಂತ್ರ್ಯ ಬಂದ ಮೇಲೆ ಮಹೀಂದ್ರಾದವರು ಜೋಡಿಸಿ ಮಾರಿದ, ಸೇನೆಯ ಮುಖವನ್ನೇ ಕಾಣದ ಜೀಪುಗಳೂ ಇದ್ದವು. ನಿಮ್ಮದು ಯಾವುದು ಎಂದು ಹೇಳಬಲ್ಲದ್ದು ಆ ಗಾಡಿ ಮಾತ್ರ, ಅದೂ ನಾಲ್ಕೈದು ಪದರ ಬಣ್ಣದ ಕೆಳಗಿಂದ.

ಅದಕ್ಕೇ ಗ್ಯಾರೇಜಿಗೆ ಬಿಟ್ಟ ಮೊದಲ ದಿನವೇ ತಗಡು ಬೆಳ್ಳಗಾಗುವ ತನಕ ಕೆರೆಸಬೇಡಿ. ಕೆರೆದ ಮೇಲೆ ಪುಟ್ಟಿ ಹಚ್ಚಬಹುದು, ಹೊಸ ಬಣ್ಣ ಹೊಡೆಯಬಹುದು; ಬಣ್ಣದ ಕೆಳಗಿದ್ದ ಸೇನೆಯ ಸಂಖ್ಯೆ ಹೋದರೆ ಮಾತ್ರ ತಿರುಗಿ ಬರುವುದಿಲ್ಲ.

ಮೊದಲ ಕೆಲಸ ನೋಡುವುದು. ಸೋಪಿನ ನೀರಿನಿಂದ ಧೂಳು, ಗ್ರೀಸು ತೊಳೆದು ಒಣಗಿಸಿ. ಕತ್ತಲಾದ ಮೇಲೆ ಟಾರ್ಚನ್ನು ಬಾನೆಟ್ಟಿನ ಬದಿಗೆ ತಾಗಿಸಿಯೇ ಹಿಡಿದು ಬೆಳಕು ಅಡ್ಡ ಹರಿಯುವಂತೆ ಮಾಡಿ. ಅಂಕಿ ಬರೆದಲ್ಲಿ ಬಣ್ಣ ಕೂದಲೆಳೆಯಷ್ಟು ದಪ್ಪ ಇರುತ್ತದೆ. ಮೇಲೆ ಎಷ್ಟೇ ಬಣ್ಣ ಬಿದ್ದರೂ ಆ ಉಬ್ಬಿನ ಅಂಚು ಸಣ್ಣ ನೆರಳು ಚೆಲ್ಲುತ್ತದೆ. ಹಗಲಿನಲ್ಲಿ ಹತ್ತು ಸಲ ನೋಡಿದರೂ ಕಾಣದ ‘2’ ಹೀಗೆ ಕಂಡಾಗ ಮೈ ಜುಮ್ಮೆನ್ನುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಳ್ಳಿ.

ಎಲ್ಲಿ ಹುಡುಕಬೇಕು? ಅಮೆರಿಕದ ಸೇನೆಗೆಂದು ತಯಾರಾದ ಜೀಪಿನ ನೋಂದಣಿ ಸಂಖ್ಯೆ ಬಾನೆಟ್ಟಿನ ಎರಡೂ ಬದಿಗೆ ಇರುತ್ತಿತ್ತು, ‘20’ರಿಂದ ಶುರುವಾಗುತ್ತಿತ್ತು. ಯುದ್ಧದ ಮೊದಲ ವರ್ಷಗಳಲ್ಲಿ ಅದನ್ನು ಬರೆದದ್ದು ಮಾಸಲು ನೀಲಿಯಲ್ಲಿ, ಆಮೇಲೆ ಬಿಳಿಯಲ್ಲಿ. ಹಸಿರಿನ ಮೇಲಿನ ಆ ನೀಲಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಕೊಳೆಯೆಂದು ಉಜ್ಜಿಬಿಟ್ಟವರಿದ್ದಾರೆ. ಬ್ರಿಟಿಷ್ ಪದ್ಧತಿಯಲ್ಲಿ ಅಂಕಿಗಳ ಮುಂದೆ ಒಂದು ಅಕ್ಷರ ಬರುತ್ತದೆ: ಜೀಪಿನಂಥ ಹಗುರ ಗಾಡಿಗೆ ‘ಎಂ’, ಲಾರಿಗೆ ‘ಎಲ್’, ಟ್ಯಾಂಕಿಗೆ ‘ಟಿ’. ಇಂದಿನ ಭಾರತೀಯ ಸೇನೆಯ ನಂಬರಿನಲ್ಲಿ ಮೇಲ್ಮುಖದ ಬಾಣ, ಅದರ ಬೆನ್ನಿಗೆ ಗಾಡಿ ಕೊಂಡ ವರ್ಷದ ಎರಡು ಅಂಕಿ ಇರುತ್ತವೆ. ಗಾಡಿಯ ಮುಂಭಾಗದಲ್ಲಿ ಹಳದಿ ವೃತ್ತದೊಳಗೆ ಕಪ್ಪು ಅಂಕಿ ಸಿಕ್ಕರೆ ಅದು ಭಾರದ ವರ್ಗ. ಬೋರಿಯಂಥ ಸೇತುವೆ ಎದುರಾದಾಗ ಈ ಗಾಡಿಯನ್ನು ದಾಟಿಸಬಹುದೇ ಎಂದು ಎಂಜಿನಿಯರ್ ಪಡೆಯವರು ನೋಡುತ್ತಿದ್ದದ್ದು ಅದನ್ನೇ. ಮಡಗಾರ್ಡಿನಲ್ಲೋ ಬಂಪರಿನಲ್ಲೋ ಆನೆಯ ಚಿತ್ರದ ಸುಳಿವು ಕಂಡರಂತೂ ಅಲ್ಲಿಗೇ ಕೈ ನಿಲ್ಲಿಸಿ. ಆನೆ ಒಂದನೇ ಆರ್ಮರ್ಡ್ ಡಿವಿಜನ್ನಿನ ಗುರುತು, ಸೋಲಾಪುರದಿಂದ ಹೊರಟ ಡಿವಿಜನ್ ಅದೇ.

ಜಾಗ ಗೊತ್ತಾದ ಮೇಲೆ ಅಂಗೈಯಗಲದ ಒಂದು ಕಿಟಕಿಯನ್ನಷ್ಟೇ ತೆರೆಯಿರಿ. 600 ನಂಬರಿನ ವಾಟರ್ ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ, ನೀರು ಬಿಡುತ್ತ, ಭಾರ ಹಾಕದೆ ಸುತ್ತ ತಿರುಗಿಸಿ. ಈರುಳ್ಳಿಯನ್ನು ಅಡ್ಡ ಹೆಚ್ಚಿದ ಹಾಗೆ ಪದರಗಳು ಉಂಗುರಗಳಾಗಿ ತೆರೆಯುತ್ತವೆ: ಕೊನೆಯ ಮಾಲೀಕರ ಬಣ್ಣ, ಅದರ ಕೆಳಗೆ ಇನ್ನೊಂದು, ಆಮೇಲೆ ಹೊಳಪಿಲ್ಲದ ಹಸಿರು. ಹಸಿರು ಇಣುಕಿದ ಕೂಡಲೇ 1000 ನಂಬರಿಗೆ ಇಳಿಯಿರಿ. ನಾಲ್ಕು ಸಲ ಉಜ್ಜಿ, ಒರೆಸಿ, ನೋಡಿ. ಇಲ್ಲಿ ಅವಸರ ಮಾಡಿದರೆ ಬಿಳಿ ಅಂಕಿ ಒಂದೇ ಉಜ್ಜಿಗೆ ಹೋಗುತ್ತದೆ. ಮೇಲಿನ ಪದರ ಗ್ಯಾರೇಜಿನವರು ‘ಡ್ಯೂಕೊ’ ಎನ್ನುವ ಬಗೆಯದಾದರೆ ಥಿನ್ನರ್ ಅದ್ದಿದ ಬಟ್ಟೆಗೇ ಅದು ಕರಗುತ್ತದೆ. ಕೆಳಗಿನ ಹಳೆಯ ಎಣ್ಣೆಬಣ್ಣ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಮೂಲೆಯಲ್ಲಿ ಪರೀಕ್ಷಿಸದೆ ಥಿನ್ನರನ್ನು ಸಂಖ್ಯೆಯ ಮೇಲೆ ಹಚ್ಚಬಾರದು.

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ತಿಳಿದು ನಡೆಯಿರಿ. ಒಣ ಉಜ್ಜುವುದು, ಬ್ಲೋಲ್ಯಾಂಪಿನಿಂದ ಸುಡುವುದು ಎರಡೂ ಬೇಡ. ಮಾಸ್ಕ್, ಕೈಗವಸು ಇರಲಿ. ಕೆಸರು ನೀರು ಅಂಗಳಕ್ಕೆ ಹರಿಯದಂತೆ ಹಳೆಯ ಬಟ್ಟೆಯಲ್ಲಿ ಹೀರಿಸಿ. ಮಕ್ಕಳು ಅಲ್ಲಿ ಸುಳಿಯಬಾರದು.

ಅರ್ಧ ಅಳಿದ ಅಂಕಿಯನ್ನು ಊಹಿಸಿ ತುಂಬುವ ಆಸೆ ಎಲ್ಲರಿಗೂ ಆಗುತ್ತದೆ. 3 ಮತ್ತು 8, 1 ಮತ್ತು 7 ಸುಲಭವಾಗಿ ಮೋಸ ಮಾಡುತ್ತವೆ. ಬಾನೆಟ್ಟಿನ ಇನ್ನೊಂದು ಬದಿಯಲ್ಲಿ ಅದೇ ಸಂಖ್ಯೆ ಇರುವುದರಿಂದ ಒಂದು ಬದಿ ಕಳೆದುಕೊಂಡದ್ದನ್ನು ಇನ್ನೊಂದು ಬದಿ ಕೊಡುತ್ತದೆ. ವರ್ಷಗಟ್ಟಲೆ ನೆರಳಿನಲ್ಲಿದ್ದ ಬದಿಯನ್ನೇ ಮೊದಲು ನೋಡಿ. ನಮ್ಮ ಕಡೆಯ ಬಿಸಿಲು ತಿಂದ ಬದಿಯಲ್ಲಿ ಉಳಿದಿರುವುದು ಕಡಿಮೆ.

ಬಾನೆಟ್ಟು ಬೇರೆ ಗಾಡಿಯದಿರಬಹುದು ಎಂಬುದನ್ನೂ ಮರೆಯಬಾರದು. ಯುದ್ಧಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಒಂದರ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂಡುತ್ತದೆ. ಆದ್ದರಿಂದ ಚಾಸಿಯನ್ನೂ ಕೇಳಬೇಕು. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ದುಂಡು ಕೊಳವೆಯಾದರೆ ವಿಲ್ಲಿಸ್, ಚೌಕಾಕಾರವಾದರೆ ಫೋರ್ಡ್. ವಿಲ್ಲಿಸ್ ಸಂಖ್ಯೆ ಎಡ ಚಾಸಿಯ ಮುಂತುದಿಯ ಒಳಬದಿಗೆ ರಿವೆಟ್ ಹೊಡೆದ ಪಟ್ಟಿಯಲ್ಲಿರುತ್ತದೆ. ಫೋರ್ಡ್ ಸಂಖ್ಯೆಯನ್ನು ಎಡ ಚಾಸಿಯ ಮೇಲ್ಮೈಗೇ ಒತ್ತಿರುತ್ತಾರೆ. ಒತ್ತಿದ ಅಂಕಿ ಸವೆದರೂ ಅದರ ಕೆಳಗಿನ ಲೋಹ ಅದುಮಿಸಿಕೊಂಡೇ ಇರುತ್ತದೆ. ಅದನ್ನು ಆಮ್ಲದಿಂದ ಎಬ್ಬಿಸುವುದು ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸ, ಮನೆಯದಲ್ಲ. ಅನುಮತಿಯಿಲ್ಲದೆ ಚಾಸಿ ನಂಬರನ್ನು ಮತ್ತೆ ಕೊರೆಯುವುದಂತೂ ಅಪರಾಧ.

ಸಂಖ್ಯೆ ಪೂರ್ತಿ ತೆರೆದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಾರ್ಕರ್ ಪೆನ್ನಿನಿಂದ ಅಂಚುಗಳನ್ನು ಎಳೆದುಕೊಳ್ಳಿ. ಬಾನೆಟ್ಟಿನ ತುದಿಯಿಂದ ಎಷ್ಟು ಇಂಚು ಎಂದೂ ಬರೆಯಿರಿ. ಗಾಡಿಗೆ ಬಣ್ಣ ಹೊಡೆಸಲೇಬೇಕಿದ್ದರೆ ಆ ಕಿಟಕಿಯಷ್ಟು ಜಾಗಕ್ಕೆ ಮೇಣ ತಿಕ್ಕಿ ಹಾಗೇ ಬಿಡಿಸಿ, ಪೇಂಟರಿಗೆ ಎದುರು ನಿಂತೇ ಹೇಳಿ. ಹಾಳೆಯನ್ನು ಆರ್‌ಸಿ ಪುಸ್ತಕದ ಜೊತೆ ಮಡಚಿಡಿ.