ಕೆಂಪು ವೈನಿಗೂ ಹತ್ತು ನಿಮಿಷದ ಐಸು

ಜುಲೈ ತಿಂಗಳಲ್ಲಿ ಕೊಡಗಿನ ಬಾಳೆಲೆ ಊರಿನಲ್ಲಿ ಕೆಂಪು ವೈನಿನ ಬಾಟಲಿಗೆ ಫ್ರಿಜ್ಜಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಲಕ್ಷ್ಮಣತೀರ್ಥ ನದಿ ಉಕ್ಕಿ ನಿಟ್ಟೂರು ಕಡೆಯ ರಸ್ತೆಗೆ ನೀರು ನುಗ್ಗುವಂಥ ಮಳೆ ಹಿಡಿದರೆ ಮನೆಯೊಳಗಿನ ಹವೆಯೂ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ದಪ್ಪ ಗೋಡೆಯ ಹಳೆಯ ಐನ್‌ಮನೆಯ ಒಳಕೋಣೆಯಲ್ಲಿ ಇನ್ನೂ ತಂಪು. ಅಲ್ಲಿಟ್ಟ ಬಾಟಲಿಯನ್ನು ಹಾಗೇ ತೆರೆದು ಸುರಿದರೂ ವೈನ್ ಹೆಚ್ಚುಕಡಿಮೆ ಹದವಾಗಿಯೇ ಇರುತ್ತದೆ. ಅದೇ ವೈನನ್ನು ಮಾರ್ಚ್ ಕೊನೆಯಲ್ಲಿ, ಕಾಫಿ ತೋಟದವರೆಲ್ಲ ಹೂಮಳೆಗಾಗಿ ಆಕಾಶ ನೋಡುತ್ತಿರುವ ಸೆಕೆಯ ಮಧ್ಯಾಹ್ನ ತೆರೆದು ನೋಡಿ. ಲೋಟವನ್ನು ಮೂಗಿನ ಹತ್ತಿರ ತಂದೊಡನೆ ಹೊಡೆಯುವುದು ಸ್ಪಿರಿಟ್ಟಿನ ಘಾಟು. ಹಣ್ಣಿನ ಪರಿಮಳ ಅದರ ಹಿಂದೆಲ್ಲೋ ಮರೆಯಾಗಿರುತ್ತದೆ. ನಾಲಗೆಗೆ ಒಂದು ಬಗೆಯ ಉರಿ, ಆಮೇಲೆ ಸಪ್ಪೆ. ವೈನ್ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ, ಬಿಸಿಯಾಗಿರುತ್ತದೆ ಅಷ್ಟೆ.

ಹೋಮ್‌ಸ್ಟೇ, ರೆಸಾರ್ಟುಗಳ ಜಿಲ್ಲೆಯಾಗಿರುವ ಕೊಡಗಿನಲ್ಲಿ ಈಗ ಊಟದ ಪಟ್ಟಿಯ ಜೊತೆ ವೈನಿನ ಪಟ್ಟಿಯೂ ಮೇಜಿಗೆ ಬರುವ ಜಾಗಗಳು ಬೇಕಾದಷ್ಟಿವೆ. ಬಿಳಿ ವೈನನ್ನು ತಣ್ಣಗೆ ಕೊಡಬೇಕೆಂಬುದು ಬಡಿಸುವ ಎಲ್ಲರಿಗೂ ಗೊತ್ತು. ಕೆಂಪು ವೈನಿನ ವಿಷಯಕ್ಕೆ ಬಂದರೆ, ಕೋಣೆಯ ಬಿಸಿಯಲ್ಲೇ ಕೊಡಬೇಕು, ಫ್ರಿಜ್ಜಿಗೆ ಹಾಕಲೇಬಾರದು ಎಂಬ ಮಾತು ತರಬೇತಿಯಿಂದ ತರಬೇತಿಗೆ ದಾಟುತ್ತ ಬಂದಿದೆ. ಈ ನಿಯಮ ಹುಟ್ಟಿದ್ದು ಯುರೋಪಿನ ಕಲ್ಲಿನ ಮನೆಗಳಲ್ಲಿ, ಮನೆಯಿಡೀ ಬಿಸಿ ಮಾಡುವ ಯಂತ್ರಗಳು ಬರುವ ಮೊದಲು. ನೆಲಮಾಳಿಗೆಯ 12 ಡಿಗ್ರಿಯಿಂದ ಬಾಟಲಿಯನ್ನು ಮೇಲೆ ತಂದು, 16-18 ಡಿಗ್ರಿಯ ಊಟದ ಕೋಣೆಯಲ್ಲಿ ಸ್ವಲ್ಪ ಹೊತ್ತು ಇಡುತ್ತಿದ್ದರು. ಅಂದರೆ ಅವರು ವೈನನ್ನು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ನಾವು ಅದೇ 18 ಡಿಗ್ರಿಗೆ ತರಬೇಕಾದರೆ ತಂಪು ಮಾಡಬೇಕು. ತಲುಪಬೇಕಾದ ಹದ ಒಂದೇ, ದಾರಿ ಮಾತ್ರ ತದ್ವಿರುದ್ಧ.

ನಾಲ್ಕಾರು ಡಿಗ್ರಿಯಲ್ಲಿ ಅಂಥ ವ್ಯತ್ಯಾಸ ಏನಾದೀತು? ಬೋರ್ಡೋದ ದ್ರಾಕ್ಷಾರಸ ವಿಜ್ಞಾನಿ ಎಮಿಲ್ ಪೇನೋ ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟಿದ್ದರು. ಒಂದೇ ಕೆಂಪು ವೈನ್ 22 ಡಿಗ್ರಿಯಲ್ಲಿ ಉರಿಯುರಿಯಾಗಿ ತೆಳುವೆನಿಸುತ್ತದೆ, 18ರಲ್ಲಿ ಮೆದುವಾಗಿ ಹರಿಯುತ್ತದೆ, 10ಕ್ಕೆ ಇಳಿಸಿದರೆ ಒಗರಾಗುತ್ತದೆ. ಕಾರಣ ಅದರೊಳಗೇ ಇದೆ. ಸಾಮಾನ್ಯ ಕೆಂಪು ವೈನಿನಲ್ಲಿ ಶೇ 13-14ರಷ್ಟು ಆಲ್ಕೋಹಾಲ್. ಬಿಸಿ ಏರಿದಂತೆ ಅದು ಹೆಚ್ಚು ಆವಿಯಾಗಿ ಮೂಗನ್ನು ತುಂಬಿಕೊಳ್ಳುತ್ತದೆ, ನಾಜೂಕಿನ ಪರಿಮಳಗಳಿಗೆ ಎಡೆಯೇ ಸಿಗುವುದಿಲ್ಲ. ಇನ್ನೊಂದು ಕಡೆ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬಂದ ಟ್ಯಾನಿನ್. ಎಳೆ ಅಡಿಕೆ ಕಚ್ಚಿದಾಗ ಬಾಯಿ ಹಿಡಿದುಕೊಳ್ಳುತ್ತದಲ್ಲ, ಅಂಥದೇ ಒಗರು ಇದು. ತೀರ ತಣ್ಣಗಾದರೆ ಈ ಒಗರೂ ಕಹಿಯೂ ಮುಂದೆ ಬಂದು ಪರಿಮಳ ಮುದುಡುತ್ತದೆ. ಹಾಗಾಗಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟು 5 ಡಿಗ್ರಿಗೆ ಇಳಿದ ಕೆಂಪು ವೈನನ್ನು ನೇರ ಮೇಜಿಗೆ ತರುವುದೂ ಸರಿಯಲ್ಲ. ಆದರೆ ಎರಡು ತಪ್ಪುಗಳಲ್ಲಿ ಇದು ಚಿಕ್ಕದು. ತಣ್ಣಗಿನ ವೈನ್ ಲೋಟದಲ್ಲಿ ತಾನಾಗಿಯೇ ಹದಕ್ಕೆ ಏರುತ್ತದೆ. ಬಿಸಿಯಾದದ್ದು ನಮ್ಮ ಬೇಸಿಗೆಯಲ್ಲಿ ತಾನಾಗಿ ಎಂದೂ ಇಳಿಯುವುದಿಲ್ಲ.

ಲೆಕ್ಕ ಇಷ್ಟೇ: ಗಟ್ಟಿ ಮೈಯ ಕ್ಯಾಬರ್ನೆ ಸಾವಿನ್ಯೋ, ಶಿರಾಜ್ ತರದವು 16ರಿಂದ 18 ಡಿಗ್ರಿ, ಹಗುರಾದ, ಎಳೆಯ ಕೆಂಪು ವೈನುಗಳು 12ರಿಂದ 14.

ಈ ಹದ ತರುವ ಕೆಲಸ ನಿಜಕ್ಕೂ ಶುರುವಾಗುವುದು ಗಿರಾಕಿ ಬರುವುದಕ್ಕೆ ಬಹಳ ಮೊದಲು, ಬಾಟಲಿ ಇಡುವ ಜಾಗದಲ್ಲಿ. ಅಂದಕ್ಕೆಂದು ಬಾರ್ ಕೌಂಟರಿನ ಮೇಲೆ ದೀಪದ ಬುಡದಲ್ಲಿ, ಅಡುಗೆಮನೆಯ ಗೋಡೆಗೆ ಒತ್ತಿಕೊಂಡಂತೆ, ಕಾಫಿ ಯಂತ್ರದ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಬಾಟಲಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಿಂಗಳುಗಟ್ಟಲೆ ಅಲ್ಲಿ ಬೆಂದ ವೈನ್ ಅವಧಿಗೆ ಮುನ್ನವೇ ಮುದಿಯಾಗುತ್ತದೆ, ತಾಜಾ ಹಣ್ಣಿನ ರುಚಿ ಹೋಗಿ ಬೇಯಿಸಿದ ಹಣ್ಣಿನ ರುಚಿ ಬರುತ್ತದೆ. ಆಮೇಲೆ ಎಷ್ಟು ಐಸ್ ಹಾಕಿದರೂ ಅದು ಮರಳದು. ಉಷ್ಣತೆ ಕಾಯುವ ವೈನ್ ಕಪಾಟು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೆಳಕು ಬೀಳದ, ತಂಪಾದ ಒಳಕೋಣೆಯೊಂದನ್ನು ಆರಿಸಿ, ಬೆಂಡಿನ ಮುಚ್ಚಳದ ಬಾಟಲಿಗಳನ್ನು ಮಲಗಿಸಿ ಇಡಬೇಕು. ಹಳೆಯ ತೋಟದ ಮನೆಗಳನ್ನೇ ಹೋಮ್‌ಸ್ಟೇ ಮಾಡಿಕೊಂಡವರಿಗೆ ಅಂಥ ಕೋಣೆ ಹುಡುಕುವುದು ಕಷ್ಟವಲ್ಲ.

ಇನ್ನು ಬಡಿಸುವ ಹೊತ್ತು. ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು. ನೀರು ಮುಖ್ಯ. ಬರೀ ಐಸ್ ತುಂಬಿದರೆ ಗಡ್ಡೆಗಳ ನಡುವೆ ಗಾಳಿ ಉಳಿದು ತಂಪು ಗಾಜಿಗೆ ಪೂರಾ ತಾಗುವುದಿಲ್ಲ. ನೀರು ಬಾಟಲಿಯನ್ನು ಸುತ್ತಲೂ ಅಪ್ಪಿಕೊಂಡು ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. 28 ಡಿಗ್ರಿಯ ಬಾಟಲಿ ಹತ್ತು ನಿಮಿಷದ ಸುಮಾರಿಗೆ ಹದಕ್ಕೆ ಬರುತ್ತದೆ. ಅದೇ ಕೆಲಸಕ್ಕೆ ಫ್ರಿಜ್ಜು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಬಾಟಲಿಗೆ ಸುತ್ತುವ ಥರ್ಮಾಮೀಟರ್ ಪಟ್ಟಿ ದುಬಾರಿಯೇನಲ್ಲ. ಅದೂ ಇಲ್ಲವೆಂದರೆ, ಮುಟ್ಟಿದ ಅಂಗೈಗೆ ತಂಪೆನಿಸಬೇಕು, ಜುಮ್ಮೆನ್ನಬಾರದು. ಗುರಿಗಿಂತ ಎರಡು ಡಿಗ್ರಿ ಕೆಳಗೇ ಬಡಿಸುವುದು ಜಾಣತನ, ಲೋಟಕ್ಕೆ ಬಿದ್ದ ಕೂಡಲೇ ಏರುವುದು ಶುರುವಾಗುತ್ತದೆ. ಅದೇ ಕಾರಣಕ್ಕೆ ಲೋಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸುರಿಯಬಾರದು. ಉದಾರ ಮನಸ್ಸಿನಿಂದ ಗಂಟಲವರೆಗೆ ತುಂಬಿಸಿಕೊಟ್ಟರೆ ಕೊನೆಯ ಗುಟುಕುಗಳು ಬಿಸಿಯಾಗಿಯೇ ಒಳಗೆ ಹೋಗುತ್ತವೆ. ಲೋಟದೊಳಗೇ ಐಸ್ ಹಾಕುವುದು ಮಾತ್ರ ಬೇಡ. ಮೊದಲು ತಂಪಾಗುತ್ತದೆ, ಮರುಕ್ಷಣ ನೀರಾಗುತ್ತದೆ.

ಇದೆಲ್ಲ ವಿದೇಶಿ ಬಾಟಲಿಗೆ ಮಾತ್ರ ಸಲ್ಲುವ ಉಪಚಾರವಲ್ಲ. ಕನ್ವಲ್ ಗ್ರೋವರ್ 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಶುರುಮಾಡಿದ ಉದ್ಯಮದಿಂದ ಹಿಡಿದು ಹಂಪಿ ಸೀಮೆಯ ಕ್ರಿಸ್ಮಾವರೆಗೆ, ನಮ್ಮ ನೆಲದಲ್ಲೇ ಕ್ಯಾಬರ್ನೆ, ಶಿರಾಜ್ ಬೆಳೆದು ಒಳ್ಳೆಯ ಕೆಂಪು ವೈನ್ ಮಾಡುವವರಿದ್ದಾರೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ಬಿಸಿಲ ನಾಡಿನ ದ್ರಾಕ್ಷಿಯಲ್ಲಿ ಸಕ್ಕರೆ ಹೆಚ್ಚು ಕೂಡಿಕೊಳ್ಳುತ್ತದೆ, ಸಕ್ಕರೆ ಹೆಚ್ಚಿದರೆ ಆಲ್ಕೋಹಾಲೂ ಹೆಚ್ಚು. ಆದ್ದರಿಂದ ಇಂಥ ವೈನಿಗೆ ತಂಪಿನ ಹದ ಇನ್ನೂ ಹೆಚ್ಚು ಬೇಕು. ಬೆಳೆಗಾರನಿಂದ ಬಾಟಲಿ ತುಂಬುವವನವರೆಗೆ ಪಟ್ಟ ಪಾಡೆಲ್ಲ ಕೊನೆಯ ಹತ್ತು ನಿಮಿಷದ ಅಸಡ್ಡೆಯಿಂದ ಹಾಳಾಗುವುದು ಅನ್ಯಾಯ. ನಮ್ಮ ವೈನ್ ಚೆನ್ನಾಗಿಲ್ಲ ಎನ್ನುವವರಲ್ಲಿ ಎಷ್ಟೋ ಜನ ಅದನ್ನು ಬಿಸಿಯಾಗಿಯೇ ಕುಡಿದಿರುತ್ತಾರೆ ಎಂದು ನನ್ನ ನಂಬಿಕೆ.

ಕೊಡಗಿನ ಊಟಕ್ಕಂತೂ ಇದು ಇನ್ನೂ ಮುಖ್ಯ. ಪಂದಿ ಕರಿಯಲ್ಲಿ ಕರಿಮೆಣಸಿನ ಖಾರ, ಕಾಚಂಪುಳಿಯ ಗಾಢ ಹುಳಿ, ಮೇಲೆ ಹಂದಿಯ ನೆಣ. ಖಾರದ ನಾಲಗೆಗೆ ಬಿಸಿ ವೈನ್ ಬಿದ್ದರೆ ಆಲ್ಕೋಹಾಲಿನ ಉರಿಯೂ ಸೇರಿ ಎರಡರ ರುಚಿಯೂ ಕೆಡುತ್ತದೆ. 15-16 ಡಿಗ್ರಿಗೆ ಇಳಿಸಿದ ಶಿರಾಜ್ ಆದರೆ ನೆಣದ ಜಿಡ್ಡನ್ನು ತೊಳೆದು, ಜೊತೆಗಿರುವ ಅಕ್ಕಿಯುಂಡೆ ಕಡಂಬುಟ್ಟಿನ ಮುಂದಿನ ತುಂಡಿಗೆ ಬಾಯಿಯನ್ನು ಸಿದ್ಧಮಾಡುತ್ತದೆ. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಸಿಗುವ ಕೊಡಗಿನ ಮನೆ ವೈನುಗಳು ಬಹುಪಾಲು ಸಿಹಿ. ಸಿಹಿಗೆ ಇನ್ನಷ್ಟು ತಂಪು ಬೇಕು, 10-12 ಡಿಗ್ರಿಯಾದರೂ ನಡೆದೀತು. ಇಲ್ಲವಾದರೆ ಎರಡನೇ ಗುಟುಕಿಗೇ ಪಾನಕದ ಹಾಗೆ ಕಟ್ಟಿಕೊಳ್ಳುತ್ತದೆ.

ಹೋಟೆಲಿನಲ್ಲಿ ಕೂತಾಗ ಬಂದ ಬಾಟಲಿ ಬೆಚ್ಚಗಿದ್ದರೆ, “ಅಣ್ಣಾ, ಇದಕ್ಕೊಂದು ಬಕೆಟ್ಟಲ್ಲಿ ಐಸು, ನೀರು ತನ್ನಿ” ಎಂದು ಕೇಳಲು ಸಂಕೋಚ ಬೇಡ. ಕೆಂಪು ವೈನಿಗೆ ಐಸೇ ಎಂದು ಹುಬ್ಬೇರಿಸಿದರೆ ಹತ್ತು ನಿಮಿಷ ಬಿಟ್ಟು ಅವರಿಗೂ ಮೂಸಿ ನೋಡಲು ಹೇಳಿ. ಮಿಕ್ಕ ವೈನಿಗೆ ಮುಚ್ಚಳ ಒತ್ತಿ ಫ್ರಿಜ್ಜಿನಲ್ಲೇ ಇಡಿಸಿ. ಕೆಂಪಾದರೂ ಅಷ್ಟೆ, ತಂಪಿನಲ್ಲಿ ಗಾಳಿಯ ಕೆಲಸ ನಿಧಾನವಾಗುವುದರಿಂದ ಎರಡು ಮೂರು ದಿನ ಬಾಳುತ್ತದೆ. ಮಾರನೆಯ ದಿನ ಕುಡಿಯುವ ಮುನ್ನ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಟ್ಟರಾಯಿತು.