ಬ್ರೇಕ್ ಕ್ಯಾಲಿಪರಿಗೆ ಪೌಡರ್ ಕೋಟಿಂಗ್: ಬಿಚ್ಚುವಾಗ ವಹಿಸಬೇಕಾದ ಎಚ್ಚರಿಕೆ

ಕಾರಿನ ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರ್ ಪ್ರಮುಖವಾದ ಭಾಗ. ಚಾಲಕನು ಪೆಡಲನ್ನು ತುಳಿದಾಗ, ಬ್ರೇಕ್ ಆಯಿಲ್ ಎಂದು ಜನರು ಕರೆಯುವ ದ್ರವದ ಒತ್ತಡವು ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಗಾಲಿಯ ವೇಗವನ್ನು ತಗ್ಗಿಸುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಉಪ್ಪುಗಾಳಿಯಿಂದ ಕ್ಯಾಲಿಪರಿನ ಹೊರಮೈಗೆ ಬೇಗನೆ ತುಕ್ಕು ಹಿಡಿಯುವುದುಂಟು. ಇದನ್ನು ತಡೆಯಲು ಕೆಲವರು ಪೌಡರ್ ಕೋಟಿಂಗ್ ಮಾಡಿಸುತ್ತಾರೆ.

ಈ ವಿಧಾನದಲ್ಲಿ ವಿದ್ಯುದಾವೇಶ ಹೊಂದಿದ ಬಣ್ಣದ ಪುಡಿಯನ್ನು ಲೋಹದ ಮೇಲೆ ಸಿಂಪಡಿಸಿ, ಓವನ್ನಿನಲ್ಲಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾಯಿಸಲಾಗುತ್ತದೆ. ಈ ಶಾಖವನ್ನು ಲೋಹವು ತಾಳಬಲ್ಲದಾದರೂ ಒಳಗಿನ ರಬ್ಬರ್ ಸೀಲು ಕೆಡುತ್ತದೆ. ಸೀಲು ದ್ರವದ ಸೋರಿಕೆಯನ್ನು ತಡೆಯುವುದಲ್ಲದೆ, ಪೆಡಲನ್ನು ಬಿಟ್ಟಾಗ ಪಿಸ್ಟನ್ನನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದು ಗಡುಸಾದರೆ ದ್ರವ ಸೋರಿ ಬ್ರೇಕ್ ವಿಫಲವಾಗಬಹುದು ಅಥವಾ ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇರಬಹುದು. ಆದುದರಿಂದ ಕ್ಯಾಲಿಪರನ್ನು ಸಂಪೂರ್ಣವಾಗಿ ಬಿಚ್ಚದೆ ಓವನ್ನಿಗೆ ಇಡಲೇಬಾರದು.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡುಗಳ ಆಧಾರ ಕೊಡಬೇಕು. ಹಳೆಯ ಪ್ಯಾಡುಗಳ ಧೂಳಿನಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಅದನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಎಡ ಮತ್ತು ಬಲ ಕ್ಯಾಲಿಪರುಗಳಿಗೆ ಗುರುತು ಹಾಕಿಕೊಳ್ಳುವುದು ಅವಶ್ಯ. ಅದಲುಬದಲಾದರೆ ಗಾಳಿ ಹೊರಬಿಡುವ ಬ್ಲೀಡರ್ ತಿರುಪು ಕೆಳಭಾಗಕ್ಕೆ ಬಂದು, ಗಾಳಿಯು ಒಳಗೇ ಉಳಿಯುತ್ತದೆ.

ಪಿಸ್ಟನ್ನನ್ನು ಹೊರತೆಗೆಯಲು ಕಡಿಮೆ ಒತ್ತಡದ ಗಾಳಿಯನ್ನು ಬಳಸಬಹುದು. ಆದರೆ ಅದು ಒಮ್ಮೆಲೇ ಚಿಮ್ಮುವುದರಿಂದ ಎದುರಿಗೆ ಮರದ ತುಂಡನ್ನಿಟ್ಟು, ಬೆರಳುಗಳನ್ನು ದೂರವಿರಿಸಬೇಕು. ತೋಡಿನಲ್ಲಿ ಅಡಗಿರುವ ಸೀಲನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯಿಂದ, ಲೋಹಕ್ಕೆ ಗೀರು ಬೀಳದಂತೆ ತೆಗೆಯಬೇಕು. ಧೂಳುರಕ್ಷಕ ರಬ್ಬರು, ಜಾರುಪಿನ್ನುಗಳು ಮತ್ತು ಬ್ಲೀಡರ್ ತಿರುಪನ್ನೂ ಬಿಚ್ಚಬೇಕು. ರಂಧ್ರಗಳಲ್ಲಿ ದ್ರವ ಉಳಿದರೆ ಅದು ಓವನ್ನಿನಲ್ಲಿ ಹೊರಬಂದು ಲೇಪನವನ್ನು ಕೆಡಿಸುತ್ತದೆ. ಅದರ ಆವಿಗೆ ಬೆಂಕಿ ಹತ್ತುವ ಅಪಾಯವೂ ಉಂಟು. ಚೆನ್ನಾಗಿ ತೊಳೆದು ಒಣಗಿಸಿದ ನಂತರ ಪಿಸ್ಟನ್ ಕೂರುವ ಕುಳಿ, ಸೀಲಿನ ತೋಡು, ಮರೆಗಳು ಮತ್ತು ಪ್ಯಾಡು ಜಾರುವ ಮೈಗಳಿಗೆ ಪುಡಿ ತಾಗದಂತೆ, ಶಾಖ ತಾಳುವ ಟೇಪು ಹಾಗೂ ಬಿರಡೆಗಳಿಂದ ಮುಚ್ಚಬೇಕು.

ಮರುಜೋಡಣೆಯಲ್ಲಿ ಹೊಸ ಸೀಲುಗಳನ್ನೇ ಬಳಸಬೇಕು. ಅವುಗಳಿಗೆ ಪೆಟ್ರೋಲ್, ಸೀಮೆಎಣ್ಣೆ ಅಥವಾ ಎಂಜಿನ್ ಆಯಿಲ್ ತಾಗಕೂಡದು. ತರುವಾಯ ಗಾಳಿಯನ್ನು ಹೊರಬಿಟ್ಟು, ಸೋರಿಕೆಯನ್ನು ಪರೀಕ್ಷಿಸಿ, ನಿರ್ಜನ ಸ್ಥಳದಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು.

ಅನುಭವವಿಲ್ಲದವರು ಈ ಕಾರ್ಯವನ್ನು ನುರಿತ ಮೆಕ್ಯಾನಿಕರಿಗೆ ವಹಿಸುವುದು ಕ್ಷೇಮಕರ. ಆಗಲೂ ಕಳಚಿದ ಹಳೆಯ ಸೀಲುಗಳನ್ನು ಕೇಳಿ ಪಡೆಯುವುದನ್ನು ಮರೆಯಬಾರದು. ಕ್ಯಾಲಿಪರನ್ನು ನಿಜವಾಗಿಯೂ ಬಿಚ್ಚಲಾಗಿತ್ತೆಂಬುದನ್ನು ವಾಹನದ ಮಾಲೀಕರು ಇದರಿಂದ ಖಚಿತಪಡಿಸಿಕೊಳ್ಳಬಹುದು.