ಪರಿವರ್ತಕದಿಂದ ಮನೆಯ ಮೀಟರಿನವರೆಗೆ: ಪೋಷಕರು ಅರಿಯಬೇಕಾದ ನಾಲ್ಕು ತಂತಿಗಳು

ಕಾಸರಗೋಡಿನ ಮಳೆಗಾಲದಲ್ಲಿ ಮರದ ಕೊಂಬೆ ಮುರಿದು ವಿದ್ಯುತ್ ತಂತಿಯ ಮೇಲೆ ಬೀಳುವುದೂ, ಜತ್ತ ಹಾಗೂ ಅಕ್ಕಲಕೋಟೆಯ ಬಯಲಿನಲ್ಲಿ ಬಿರುಗಾಳಿಗೆ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಸಿಡಿಯುವುದೂ ಗಡಿನಾಡಿನ ನಮಗೆ ಹೊಸತಲ್ಲ. ಆದರೆ ಮಕ್ಕಳು ಶಾಲೆಗೆ ನಡೆದುಹೋಗುವ ದಾರಿಯಲ್ಲಿ ಕಂಬಗಳ ಮೇಲೆ ಕುಳಿತಿರುವ ವಿದ್ಯುತ್ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರ್, ಏನು ಮಾಡುತ್ತದೆ? ಅಲ್ಲಿಂದ ತರಗತಿಯ ದೀಪದವರೆಗೆ ತಂತಿ ಹೇಗೆ ಬರುತ್ತದೆ? ಇದನ್ನು ತಿಳಿದವರು ವಿರಳ. ಆ ಕೆಲಸವನ್ನು ಮಾಡಬೇಕಾದವರು ಪರವಾನಗಿ ಹೊಂದಿದವರು ಮಾತ್ರ; ಆದರೆ ಅದರಲ್ಲಿ ದೋಷ ಕಂಡಾಗ ಗುರುತಿಸುವ ತಿಳಿವಳಿಕೆ ಪ್ರತಿ ಮನೆಗೂ ಬೇಕು.

ಮೂರು ಒಳಗೆ, ನಾಲ್ಕು ಹೊರಗೆ

ಪರಿವರ್ತಕದ ಒಂದು ಬದಿಯಲ್ಲಿ ಎತ್ತರವಾದ ಮೂರು ಪಿಂಗಾಣಿ ಬುಷಿಂಗ್‌ಗಳಿವೆ. ಅವುಗಳಿಗೆ 11,000 ವೋಲ್ಟ್ ಮಾರ್ಗದ ಮೂರು ತಂತಿಗಳು ಬಂದು ಸೇರುತ್ತವೆ. ಇನ್ನೊಂದು ಬದಿಯಲ್ಲಿ ಗಿಡ್ಡನೆಯ ನಾಲ್ಕು ಬುಷಿಂಗ್‌ಗಳಿವೆ. ಇದೇ ದ್ವಿತೀಯಕ ಬದಿ. ಈ ನಾಲ್ಕರಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್. ಯಾವುದೇ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್. ಸಾಮಾನ್ಯ ಮನೆಗೆ ಬರುವುದು ಒಂದು ಫೇಸ್ ಮತ್ತು ಒಂದು ನ್ಯೂಟ್ರಲ್. ಹಿಟ್ಟಿನ ಗಿರಣಿಗೂ ದೊಡ್ಡ ನೀರಾವರಿ ಪಂಪಿಗೂ ಮೂರು ಫೇಸ್‌ಗಳೂ ಹೋಗುತ್ತವೆ. ಊರಿನ ಮನೆಗಳನ್ನು ಮೂರೂ ಫೇಸ್‌ಗಳಿಗೆ ಸಮನಾಗಿ ಹಂಚುವುದು ಸರಿಯಾದ ಕ್ರಮ.

ವೋಲ್ಟೇಜು ಇಳಿದಂತೆ ವಿದ್ಯುತ್ ಪ್ರವಾಹ ಏರುತ್ತದೆ. 100 ಕೆವಿಎ ಸಾಮರ್ಥ್ಯದ ಪರಿವರ್ತಕವು ಪೂರ್ಣ ಹೊರೆಯಲ್ಲಿದ್ದಾಗ ಮೇಲಿನ ತಂತಿಗಳಲ್ಲಿ ಸುಮಾರು 5 ಆಂಪಿಯರ್ ಹರಿದರೆ, ದ್ವಿತೀಯಕ ಬದಿಯಲ್ಲಿ 130 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಆದುದರಿಂದಲೇ ಇಲ್ಲಿನ ಪ್ರತಿ ಜೋಡಣೆಯೂ ಬಿಗಿಯಾಗಿರಬೇಕು. ಒಂದು ಜೋಡಣೆ ಸಡಿಲವಾಗಿ ಅಲ್ಲಿ ಕೇವಲ 0.01 ಓಮ್ ರೋಧ ಉಂಟಾಯಿತೆನ್ನೋಣ. 100 ಆಂಪಿಯರ್ ಹರಿದಾಗ ಆ ಒಂದೇ ಬಿಂದುವಿನಲ್ಲಿ 100 ವ್ಯಾಟ್ ಶಾಖ ಹುಟ್ಟುತ್ತದೆ. ಶಾಖದಿಂದ ಜೋಡಣೆ ಇನ್ನಷ್ಟು ಕೆಡುತ್ತದೆ, ಕೆಟ್ಟಷ್ಟೂ ಶಾಖ ಏರುತ್ತದೆ. ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ಭಾಗಕ್ಕೆ ನೇರವಾಗಿ ಸುತ್ತಿದರೆ, ತೇವಾಂಶ ಸೇರಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅಲ್ಲಿ ಎರಡೂ ಲೋಹಗಳಿಗೆ ಹೊಂದುವ ವಿಶೇಷ ಲಗ್ ಅಥವಾ ಕ್ಲಾಂಪ್ ಬೇಕು. ಕರಾವಳಿಯ ತೇವದ ಹವೆಯಲ್ಲಿ ಈ ಎಚ್ಚರ ಇಮ್ಮಡಿ ಅಗತ್ಯ. ರಾತ್ರಿ ಕಂಬದ ಮೇಲೆ ಕೆಂಪಗೆ ಹೊಳೆಯುವ ಬಿಂದು ಅಥವಾ ಚಿಟಪಟ ಸದ್ದು ಕಂಡುಬಂದರೆ ಅದು ದೂರು ಕೊಡಬೇಕಾದ ಸೂಚನೆ.

ನ್ಯೂಟ್ರಲ್ ಕಡಿದರೆ ಏನಾಗುವುದು?

ನ್ಯೂಟ್ರಲ್ ತಂತಿಯಲ್ಲಿ ಕರೆಂಟೇ ಇರುವುದಿಲ್ಲವೆಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಬಳಸಿದ ವಿದ್ಯುತ್ತು ಮರಳಿ ಹೋಗುವ ದಾರಿಯೇ ನ್ಯೂಟ್ರಲ್. ಪರಿವರ್ತಕದ ಬಳಿ ಅದನ್ನು ಕನಿಷ್ಠ ಎರಡು ಪ್ರತ್ಯೇಕ ಭೂಸಂಪರ್ಕಗಳ ಮೂಲಕ ನೆಲಕ್ಕೆ ಸೇರಿಸಬೇಕೆಂಬ ನಿಯಮವಿದೆ.

ಎರಡು ಮನೆಗಳು ಬೇರೆ ಬೇರೆ ಫೇಸ್‌ಗಳಲ್ಲಿವೆ, ಮೂಲದಲ್ಲಿ ಅವುಗಳ ನ್ಯೂಟ್ರಲ್ ಕಡಿಯಿತು ಎಂದುಕೊಳ್ಳಿ. ಆಗ ಎರಡೂ ಮನೆಗಳು ಸರಣಿಯಲ್ಲಿ ಜೋಡಣೆಗೊಂಡು 400 ವೋಲ್ಟಿಗೆ ಒಡ್ಡಿಕೊಳ್ಳುತ್ತವೆ. ಒಂದು ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ. ಅದರ ರೋಧ ಸುಮಾರು 53 ಓಮ್. ಇನ್ನೊಂದರಲ್ಲಿ 100 ವ್ಯಾಟಿನ ತಂತುದೀಪ. ಅದರ ರೋಧ ಸುಮಾರು 529 ಓಮ್. ರೋಧಗಳು ಬದಲಾಗವೆಂದು ಭಾವಿಸಿ ಹತ್ತನೆಯ ತರಗತಿಯ ಓಮ್ ನಿಯಮದಂತೆ ಲೆಕ್ಕ ಹಾಕಿದರೆ ಇಸ್ತ್ರಿಪೆಟ್ಟಿಗೆಗೆ ಸಿಗುವುದು ಸುಮಾರು 36 ವೋಲ್ಟ್. ದೀಪದ ಮೇಲೆ ಬೀಳುವುದು ಸುಮಾರು 364 ವೋಲ್ಟ್. ಕಡಿಮೆ ಹೊರೆಯ ಮನೆಯೇ ಸುಟ್ಟುಹೋಗುತ್ತದೆ. ಎರಡು ದೀಪ, ಒಂದು ಕಂಪ್ಯೂಟರ್ ಇರುವ ಸಣ್ಣ ಶಾಲೆಗೆ ಈ ಗಂಡಾಂತರ ಹೆಚ್ಚು. ಕೆಲವು ಮನೆಗಳಲ್ಲಿ ದೀಪ ಮಂಕಾಗಿ, ಇನ್ನು ಕೆಲವೆಡೆ ಕಣ್ಣು ಕೋರೈಸುವಂತೆ ಉರಿದರೆ, ಕಾಯದೆ ಮುಖ್ಯ ಸ್ವಿಚ್ಚನ್ನು ಆರಿಸಿರಿ.

ಕಂಬದಿಂದ ಗೋಡೆಗೆ

ಪರಿವರ್ತಕದಿಂದ ಹೊರಟ ಕೇಬಲ್ ಮೊದಲು ಫ್ಯೂಸ್ ಅಥವಾ ಬ್ರೇಕರ್ ಇರುವ ವಿತರಣಾ ಪೆಟ್ಟಿಗೆಯನ್ನು, ಅಲ್ಲಿಂದ ಬೀದಿಯ ಮಾರ್ಗವನ್ನು ಸೇರುತ್ತದೆ. ಬೀದಿಯ ಕಂಬದಿಂದ ಮನೆಗೆ ಬರುವುದು ಸರ್ವಿಸ್ ವೈರ್. ಅದರ ಭಾರವನ್ನು ಜೊತೆಗೆ ಎಳೆದು ಕಟ್ಟಿದ ಆಧಾರ ತಂತಿ ಹೊರಬೇಕೇ ಹೊರತು ವಿದ್ಯುತ್ ಜೋಡಣೆಯಲ್ಲ. ಗೋಡೆಯೊಳಗೆ ಹೋಗುವ ಮುನ್ನ ವೈರು ಕೆಳಕ್ಕೆ ಬಾಗಿರಬೇಕು. ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಮೀಟರಿಗೆ ಇಳಿಯುವುದು ತಪ್ಪುತ್ತದೆ. ಹೊದಿಕೆಯಿಲ್ಲದ ಬೀದಿ ಮಾರ್ಗವು ಕಟ್ಟಡದ ತಾರಸಿಯಿಂದ ಮೇಲಕ್ಕೆ ಕನಿಷ್ಠ 2.5 ಮೀಟರ್, ಪಕ್ಕದಿಂದ 1.2 ಮೀಟರ್ ದೂರವಿರಬೇಕು. ಶಾಲೆಗೆ ಹೊಸ ಕೊಠಡಿ ಕಟ್ಟುವ ಮೊದಲೇ ಈ ಅಳತೆಯನ್ನು ನೋಡಬೇಕು. ಮೀಟರಿನ ನಂತರ 30 ಮಿಲಿ ಆಂಪಿಯರ್ ಸೋರಿಕೆಗೆ ಸ್ಪಂದಿಸುವ ಆರ್‌ಸಿಸಿಬಿ ಇದ್ದರೆ ಜೀವರಕ್ಷಣೆಗೆ ದೊಡ್ಡ ಆಸರೆ.

ಇನ್ನೊಂದು ಮಾತು. ಶಾಲಾ ವಾರ್ಷಿಕೋತ್ಸವಕ್ಕೆ ಜನರೇಟರ್ ತಂದು ನೇರವಾಗಿ ಸಾಕೆಟ್ಟಿಗೆ ಜೋಡಿಸುವವರಿದ್ದಾರೆ. ಪರಿವರ್ತಕ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಹಿಂದಕ್ಕೆ ಹರಿದ 230 ವೋಲ್ಟ್, ಮೇಲಿನ ಮಾರ್ಗದಲ್ಲಿ ಸುಮಾರು ಹತ್ತು ಸಾವಿರ ವೋಲ್ಟ್ ಆಗಬಲ್ಲುದು. ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣ ಕಳೆದುಕೊಳ್ಳಬಹುದು. ಮುಖ್ಯ ಮಾರ್ಗವನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸುವುದು ಸಲ್ಲದು.

ಫಲಕದ ಭಾಷೆ, ದೂರಿನ ಭಾಷೆ

ಗಡಿನಾಡಿನಲ್ಲಿ ಎಚ್ಚರಿಕೆಯ ಫಲಕವೂ ಬೇರೆ ನುಡಿಯಲ್ಲಿರುತ್ತದೆ. ಮಲಯಾಳ ಮತ್ತು ತಮಿಳಿನ ‘ಅಪಾಯಂ’ ಕಿವಿಗೆ ಬಿದ್ದರೆ ನಮ್ಮ ಮಗುವಿಗೆ ಅರ್ಥವಾದೀತು; ಲಿಪಿ ಬಾರದಿದ್ದರೆ ಓದಲಾಗದು. ಮರಾಠಿಯ ‘ಧೋಕಾ’ ಎಂದರೆ ಅಪಾಯ, ನಮ್ಮ ಮಕ್ಕಳಿಗೆ ಅದು ಮೋಸ. ತೆಲುಗಿನ ‘ಪ್ರಮಾದಂ’ ಎಂದರೂ ಅಪಾಯ, ನಮಗೆ ಪ್ರಮಾದವೆಂದರೆ ತಪ್ಪು. ಆದಕಾರಣ ಆಯಾ ರಾಜ್ಯದ ಲಿಪಿಯಲ್ಲಿ ಈ ಒಂದು ಪದವನ್ನೂ, ತಲೆಬುರುಡೆ ಹಾಗೂ ಎಲುಬಿನ ಚಿಹ್ನೆಯನ್ನೂ ಮಕ್ಕಳಿಗೆ ಮೊದಲ ತರಗತಿಯಲ್ಲಿಯೇ ಪರಿಚಯಿಸಬೇಕು. ಕನ್ನಡ ಫಲಕವನ್ನು ಕೇಳುವುದನ್ನೂ ನಾವು ಬಿಡಬಾರದು. ಇದು ಭಾಷಾಭಿಮಾನದ ವಿಷಯ ಮಾತ್ರವಲ್ಲ, ಮಕ್ಕಳ ಜೀವದ ವಿಷಯ.

ಸಂವಿಧಾನದ 350ನೆಯ ಅನುಚ್ಛೇದವು ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ನೀಡಿದೆ. ವಿದ್ಯುತ್ ಕಾಯ್ದೆ, 2003ರಂತೆ ಪ್ರತಿ ವಿತರಣಾ ಸಂಸ್ಥೆಯೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯನ್ನು ಹೊಂದಿರಬೇಕು. ತುರ್ತು ದೂರಿಗೆ 1912 ಸಂಖ್ಯೆಯಿದೆ. ಕರೆ ಮಾಡುವಾಗ ಕಂಬದ ಮೇಲೆ ಬರೆದ ಸಂಖ್ಯೆಯನ್ನೂ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆಯನ್ನೂ ಹೇಳಿದರೆ ಭಾಷೆಯ ತೊಡಕು ಅರ್ಧಕ್ಕರ್ಧ ನೀಗುತ್ತದೆ.

ತಂತಿ ಕಡಿದು ಬಿದ್ದಿದ್ದರೆ ಮಕ್ಕಳು ಹತ್ತಿರ ಸುಳಿಯಕೂಡದು. ಒದ್ದೆ ನೆಲದಲ್ಲಿ ವಿದ್ಯುತ್ತು ತಂತಿಯ ಸುತ್ತಲೂ ಹರಡಿರಬಹುದು. ದೂರ ನಿಂತು ಇತರರನ್ನು ತಡೆಯುವುದೂ ಹಿರಿಯರಿಗೆ ತಿಳಿಸುವುದೂ ಅವರ ಕರ್ತವ್ಯ. ಶಾಲೆಯ ಮತ್ತು ಮನೆಯ ಕಂಬಸಂಖ್ಯೆಯನ್ನು ಈ ವಾರವೇ ಮಕ್ಕಳ ಕೈಯಿಂದ ಬರೆಸಿ, ಬಾಗಿಲ ಹಿಂದೆ ಅಂಟಿಸಿಡಿರಿ.